ಹೈದರಾಲಿಗೆ ಬೋರ್ಡು ಹಾಕಿಸೋಕೆ ಬರಲಿಲ್ಲ

ಬೆಂಗಳೂರಿನ ಲಾಲ್‌ಬಾಗಿನ 6 ಎಕರೆ ಕಥೆ ನಿಮಗೆಲ್ಲ ಗೊತ್ತೇ ಇದೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆ ಕೊರೀತಾರಂತೆ. ಸುರಂಗ ಅಂದ ಮೇಲೆ ಒಳಗೆ ಹೋಗೋಕೆ, ಹೊರಗೆ ಬರೋಕೆ ಒಂದು ಬಾಯಿ ಬೇಕಲ್ಲ, ಆ ಬಾಯಿ ಲಾಲ್‌ಬಾಗಿನಲ್ಲೇ ತೆರೆಯಬೇಕಂತೆ. ಜನ ಗಲಾಟೆ ಮಾಡಿದ ಮೇಲೆ ಬೇರೆ ಜಾಗ ನೋಡ್ತೀವಿ ಅಂದರು. ಇರೋದು 240 ಎಕರೆ, ಹೋಗೋದು ಬರೀ 6, ಇದಕ್ಯಾಕಿಷ್ಟು ರಂಪ ಅಂತ ಕೇಳಿದವರೂ ಇದ್ದಾರೆ. ಸರಿಯಾದ ಪ್ರಶ್ನೆ. ಬಾಯಲ್ಲಿ 32 ಹಲ್ಲಿವೆ, ಮುಂದಿನದೊಂದು ಕಿತ್ತರೆ ಏನಾಗುತ್ತೆ ಹೇಳಿ?

ನನ್ನನ್ನು ಕೇಳಿದರೆ ತಪ್ಪೆಲ್ಲ ಹೈದರಾಲಿಯದು. 1760ರಲ್ಲಿ ತೋಟ ಶುರು ಮಾಡಿದ ಮನುಷ್ಯ ಒಂದು ಬೋರ್ಡು ಹಾಕಿಸಲಿಲ್ಲ. ‘ಮಾನ್ಯ ನವಾಬರ ಅನುದಾನದಲ್ಲಿ’ ಅಂತ ಹಳದಿ ಬಣ್ಣದಲ್ಲಿ ಬರೆಸಿ, ಪಕ್ಕದಲ್ಲಿ ಕೈ ಮುಗಿದು ನಗುತ್ತಿರುವ ಫೋಟೋ ಅಂಟಿಸಿದ್ದರೆ ಯಾರು ಮುಟ್ಟುತ್ತಿದ್ದರು? ಅಲ್ಲಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಪಾಪ, ಅಷ್ಟು ವರ್ಷದಲ್ಲಿ ಒಬ್ಬ ಪ್ರಾಯೋಜಕ ಸಿಗಲಿಲ್ಲ ಅದಕ್ಕೆ. ಅದರ ನೆತ್ತಿ ಮೇಲೆ ಕೆಂಪೇಗೌಡರ ಗೋಪುರ ಇದೆ ನಿಜ, ಆದರೆ ಉದ್ಘಾಟನೆಯ ಕಲ್ಲು ಇಲ್ಲ. ಯಾರು ಅಧ್ಯಕ್ಷತೆ ವಹಿಸಿದ್ದರು, ಘನ ಉಪಸ್ಥಿತಿ ಯಾರದ್ದು, ಒಂದೂ ಗೊತ್ತಾಗಲ್ಲ.

ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಆ ಗೊಂದಲ ಇಲ್ಲ. ಏಳು ಸಿಮೆಂಟ್ ಬೆಂಚು, ಏಳಕ್ಕೂ ಹೆಸರಿದೆ. ನಾಲ್ಕು ‘ಮಾನ್ಯ ಶಾಸಕರ ಕೊಡುಗೆ’. ಮೂರು ತೀರಿಹೋದವರ ನೆನಪಿಗೆ ಮಕ್ಕಳು ಕೊಟ್ಟದ್ದು. ಶಾಸಕರ ಬೆಂಚಿಗೆ ವರ್ಷಕ್ಕೊಮ್ಮೆ ಬಣ್ಣ ಬೀಳುತ್ತೆ. ಸತ್ತವರ ಬೆಂಚಿನ ಅಕ್ಷರ ಮಾಸಿ, ಒಂದರಲ್ಲಿ ಈಗ ‘ಸ್ಮರಣಾ’ ಅಂತಷ್ಟೇ ಉಳಿದಿದೆ. ಯಾರ ಸ್ಮರಣೆ ಅಂತ ಅಲ್ಲಿ ಕೂರುವ ಅಜ್ಜಂದಿರಿಗೂ ಮರೆತಿದೆ. ಇನ್ನೊಂದರ ಕಾಲು ಮಣ್ಣಲ್ಲಿ ಹೂತುಹೋಗಿದೆ, ಕೂತರೆ ನಿಧಾನಕ್ಕೆ ಪಕ್ಕದವರ ಮೇಲೆ ಜಾರುತ್ತೀರಿ. ಅದೂ ಒಂಥರಾ ಸ್ನೇಹ ಬೆಳೆಯೋಕೆ ಒಳ್ಳೇದೇ.

ಮಜಾ ಏನಪ್ಪಾ ಅಂದರೆ, ಸತ್ತವರ ಮಕ್ಕಳು ಸ್ವಂತ ಜೇಬಿಂದ ಕೊಟ್ಟಿದ್ದು. ಶಾಸಕರ ಕೊಡುಗೆ ಕೊಟ್ಟಿದ್ದು ನಾನು, ನೀವು, ಅಲ್ಲೇ ಗೇಟಿನ ಮುಂದೆ ಕಡ್ಲೆಕಾಯಿ ಮಾರುವ ಅಮ್ಮ. ನಮ್ಮ ದುಡ್ಡಲ್ಲಿ ನಮಗೇ ಬೆಂಚು ಹಾಕಿಸಿ, ಅದರ ಬೆನ್ನ ಮೇಲೆ ಅವರ ಹೆಸರು ಬರೆಸಿ, ನಾವು ಅದಕ್ಕೆ ಒರಗಿ ಕೂತು ಥ್ಯಾಂಕ್ಸ್ ಹೇಳಬೇಕು.

ನಮ್ಮಪ್ಪನ ಹೆಸರಲ್ಲೂ ಒಂದು ಬೆಂಚು ಕೊಡೋಣ ಅಂತ ನಾನೂ ಒಂದು ಆಫೀಸಿಗೆ ಹೋಗಿದ್ದೆ. ಯಾವ ಆಫೀಸು ಅನ್ನೋದು ಬೇಡ ಬಿಡಿ, ಅಲ್ಲಿ ಫ್ಯಾನು ತಿರುಗುತ್ತೆ, ಗಾಳಿ ಬರಲ್ಲ. ಕುರ್ಚಿಯಲ್ಲಿದ್ದವರು ಒಳ್ಳೆಯವರೇ. ಅರ್ಜಿ ನೋಡಿದರು, ತಿರುಗಿಸಿ ಹಿಂದೆಯೂ ನೋಡಿದರು.

‘ಇದನ್ನ ಕಮಿಟಿ ಮುಂದೆ ಇಡಬೇಕು ಸಾರ್.’

‘ಇಡಿ.’

‘ಕಮಿಟಿ ಇಲ್ಲ ಸಾರ್. ಕಾರ್ಪೊರೇಟರು ಬಂದ ಮೇಲೆ ಆಗುತ್ತೆ.’

‘ಅವರು ಯಾವಾಗ ಬರ್ತಾರೆ?’

ಅವರು ನಕ್ಕರು. ನಾನೂ ನಕ್ಕೆ. ಅರ್ಜಿ ಅಲ್ಲೇ ಇದೆ.

2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ, ಅಂದರೆ ಬೆಂಗಳೂರು ಪಾಲಿಕೆಯ ಕಾರ್ಪೊರೇಟರುಗಳ ಅವಧಿ ಮುಗೀತು. ಆಮೇಲೆ ಐದು ವರ್ಷ ದಾಟಿದರೂ ಚುನಾವಣೆ ಇಲ್ಲ. ಹಾಗಂತ ಸುಮ್ನೆ ಕೂತಿದ್ದರು ಅನ್ನಬೇಡಿ. 198 ಇದ್ದ ವಾರ್ಡು 243 ಆಯಿತು, ಆಮೇಲೆ 225 ಆಯಿತು. 2025ರಲ್ಲಿ ಪಾಲಿಕೆಯನ್ನೇ ಐದು ಹೋಳು ಮಾಡಿ ವಾರ್ಡನ್ನ 369ಕ್ಕೆ ತಂದರು. ಮೊದಲು 198 ವಾರ್ಡಿಗೆ ಕಾರ್ಪೊರೇಟರು ಇರಲಿಲ್ಲ, ಈಗ 369ಕ್ಕೆ ಇಲ್ಲ. ಬೆಳವಣಿಗೆ ಅಂದ್ರೆ ಇದೇ ಅಲ್ವಾ?

ಒಂದು ಬೆಂಚಿಗೆ ಕಮಿಟಿ ಬೇಕು. 17 ಕಿಲೋಮೀಟರ್ ಸುರಂಗಕ್ಕೆ ಬೇಡ. ನಮ್ಮ ಬೀದಿಯಿಂದ ಆರಿಸಿ ಬಂದ ಒಬ್ಬರೂ ಕೈ ಎತ್ತಿ ‘ಬೇಡ’ ಅನ್ನೋಕೆ ಸಭೆಯೇ ಇಲ್ಲದ ಹೊತ್ತಲ್ಲಿ ಅದು ಮುಂದಕ್ಕೆ ಓಡಿತು. ಇದನ್ನ ತಮಾಷೆ ಮಾಡೋಕೆ ಹೊರಟೆ, ಆದರೆ ನಗು ಬರ್ತಿಲ್ಲ. ಪಾರ್ಕಿನ ಗೇಟಿಗೆ ಮಧ್ಯಾಹ್ನ ಬೀಗ. ಮಕ್ಕಳು ಚೆಂಡು ತಂದರೆ ವಾಚ್‌ಮನ್ ಸೀಟಿ ಊದುತ್ತಾನೆ. ಮರದ ಕೊಂಬೆ ಬಿದ್ದು ವಾರ ಆದರೂ ತೆಗೆಯಲ್ಲ. ಯಾರಿಗೆ ಹೇಳೋದು? ನಮ್ಮ ವಾರ್ಡಿನ ಹೆಸರು ಈಗ ಏನು ಅಂತಾನೇ ನನಗೆ ಗೊತ್ತಿಲ್ಲ.

ಇದನ್ನೆಲ್ಲ ಕಲಬುರಗಿಯಲ್ಲಿರುವ ನಮ್ಮ ಷಡ್ಡಕನ ಹತ್ತಿರ ಫೋನಲ್ಲಿ ಹೇಳಿಕೊಂಡೆ. ತಪ್ಪು ಮಾಡಿದೆ. ಅವರು ಲೆಕ್ಕದ ಮೇಷ್ಟ್ರು.

‘ಸುರಂಗಕ್ಕ ಎಷ್ಟ್ರೀ?’

ಸುಮಾರು 17,700 ಕೋಟಿ ಅಂದೆ. ಅಂದರೆ ಕಿಲೋಮೀಟರಿಗೆ ಸಾವಿರ ಕೋಟಿಗೂ ಜಾಸ್ತಿ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗೂ ಸೇರಿಸಿ ಅಲ್ಲಿನ ಅಭಿವೃದ್ಧಿ ಮಂಡಳಿಗೆ ಬಜೆಟ್‌ನಲ್ಲಿ ಹೇಳುವುದು ವರ್ಷಕ್ಕೆ 5,000 ಕೋಟಿ. ಬೀದರ್‌ನಿಂದ ಬಳ್ಳಾರಿವರೆಗಿನ ಒಂದು ವರ್ಷದ ಅಭಿವೃದ್ಧಿಯನ್ನು ಹೆಬ್ಬಾಳದಲ್ಲಿ ಸುರಂಗಕ್ಕೆ ಸುರಿದರೆ ಮೇಖ್ರಿ ಸರ್ಕಲ್ ದಾಟುವಷ್ಟರಲ್ಲಿ ಖಾಲಿ. ರಾಜ್ಯದ ಯಾವ ಭಾಗ ಎಷ್ಟು ಹಿಂದುಳಿದಿದೆ ಅಂತ ನೋಡಿದ ನಂಜುಂಡಪ್ಪ ಸಮಿತಿ 114 ತಾಲೂಕು ಹಿಂದುಳಿದಿವೆ ಅಂತ ವರದಿ ಕೊಟ್ಟಿದ್ದು 2002ರಲ್ಲಿ. ಆ ವರ್ಷ ಹುಟ್ಟಿದ ಹುಡುಗರು ಈಗ ಇಲ್ಲೇ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಬೈಕ್ ಮೇಲೆ ಬಿರಿಯಾನಿ ಪಾರ್ಸೆಲ್ ಇಟ್ಟುಕೊಂಡು ನಿಂತಿದ್ದಾರೆ. ಸುರಂಗ ಆದರೂ ಅವರಿಗೇನಿಲ್ಲ, ಅದು ಕಾರಿನವರಿಗೆ.

ಷಡ್ಡಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ನಿಮ್ಮಪ್ಪಾರ ಬೆಂಚು ಇಲ್ಲಿ ಕೊಡ್ರಿ. ನಮ್ಮ ಊರಿನ ಬಸ್ ಸ್ಟಾಪಿನಾಗ ಕೂಡ್ಲಿಕ್ಕ ಏನೂ ಇಲ್ಲ’ ಅಂದರು.

‘ಬಿಸಿಲು ಜಾಸ್ತಿ ಅಲ್ವಾ ನಿಮ್ಮಲ್ಲಿ? ನೆರಳಿಗೆ ಏನಾದ್ರೂ ಇದೆಯಾ?’

‘ಅದ ಅಲ್ರೀ. ಶಾಸಕರ ಫ್ಲೆಕ್ಸು.’