ಕಾಲ್ ಎತ್ತಿದವರದ್ದೇ ತಪ್ಪು

ಎಫ್‌ಎಂನಲ್ಲಿ ಜನರನ್ನು ಬಕ್ರಾ ಮಾಡುವವರಿಗೆ ರಾಜ್ಯೋತ್ಸವ ಪ್ರಶಸ್ತಿಯಲ್ಲಿ ಒಂದು ವಿಭಾಗ ಇಲ್ಲದಿರುವುದು ಘೋರ ಅನ್ಯಾಯ. ಎಷ್ಟು ಕಷ್ಟದ ಕೆಲಸ ನೋಡಿ. ಬೆಳಗ್ಗೆ ಎದ್ದು ಬಂದು ಎಸಿ ಸ್ಟುಡಿಯೋದಲ್ಲಿ ಕೂರಬೇಕು. ಯಾರೋ ಗೆಳೆಯ ಕೊಟ್ಟ ನಂಬರಿಗೆ ಫೋನ್ ಮಾಡಬೇಕು. ಆ ಕಡೆ ಇರುವವನು ಗೂಡ್ಸ್ ಆಟೋ ಓಡಿಸುವವನೋ, ಕಂತಿನ ಮೇಲೆ ಬೈಕ್ ತಗೊಂಡವನೋ ಆಗಿದ್ದರೆ ಒಳ್ಳೆಯದು. 'ನಿಮ್ಮ ಹೆಸರಲ್ಲಿ ನಾಲ್ಕು ಲಕ್ಷ ಸಾಲ ಇದೆ, ಸಂಜೆ ಮನೆ ಹತ್ರ ಬರ್ತೀವಿ' ಎನ್ನಬೇಕು. 'ಸಾರ್, ನಾನು ಯಾವ ಸಾಲಾನೂ ತಗೊಂಡಿಲ್ಲ ಸಾರ್' ಎಂದು ಅವನ ದನಿ ನಡುಗುವವರೆಗೂ ಬಿಡಬಾರದು. ನಡುಗಿದ ಮೇಲೂ ಇನ್ನೊಂದು ನಿಮಿಷ ಎಳೆಯಬೇಕು. ಆಮೇಲೆ ಡೋಲು, ಶಿಳ್ಳೆ, 'ಬಕ್ರಾ ಆದ್ರಿ!'

ಅವನು ನಗುತ್ತಾನೆ. ಆ ನಗುವೇ ಇವರಿಗೆ ಪುರಾವೆ. 'ನೋಡಿ, ಅವರೇ ಎಂಜಾಯ್ ಮಾಡಿದ್ರು' ಎನ್ನುತ್ತಾರೆ. ಸ್ವಾಮಿ, ತಪ್ಪಾಗಿ ಹಿಡಿದುಕೊಂಡು ಹೋದವನನ್ನು ಪೊಲೀಸ್ ಸ್ಟೇಷನ್‌ನಿಂದ ಹೊರಗೆ ಬಿಟ್ಟಾಗಲೂ ಅವನು ನಗುತ್ತಾನೆ.

ಡಿಜಿಟಲ್ ಅರೆಸ್ಟ್ ಮಾಡುವ ಖದೀಮರ ಮಾತೂ ಹೆಚ್ಚುಕಡಿಮೆ ಇದೇ. ಅದೇ ಗದರಿಕೆ, ಅದೇ 'ಲೈನ್ ಕಟ್ ಮಾಡಬೇಡಿ'. ಅವರ ಬಗ್ಗೆ ಎಚ್ಚರವಾಗಿರಿ ಎಂದು ಸರ್ಕಾರ ಅಮಿತಾಭ್ ಬಚ್ಚನ್ ದನಿಯಲ್ಲಿ ತಿಂಗಳುಗಟ್ಟಲೆ ಕಾಲರ್ ಟ್ಯೂನ್ ಹಾಕಿ ನಮ್ಮ ತಲೆ ತಿಂದಿತು. ಕಳ್ಳ ದುಡ್ಡು ಕಿತ್ತುಕೊಂಡು ಫೋನ್ ಇಡುತ್ತಾನೆ. ಆರ್‌ಜೆ ಒಂದು ಜಾಹೀರಾತು ಹಾಕಿ ಇಡುತ್ತಾನೆ. ವ್ಯತ್ಯಾಸ ಇಷ್ಟೇ.

ಇನ್ನೊಂದು ಮಜಾ ಕೇಳಿ. ನಮ್ಮ ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಗಿದ್ದು ಬೆಂಗಳೂರಿನಲ್ಲೇ, 2001ರಲ್ಲಿ. ಅಂದಿನಿಂದ ಇಂದಿನವರೆಗೂ ಈ ಸ್ಟೇಷನ್‌ಗಳು ಸ್ವಂತ ಸುದ್ದಿ ಓದುವ ಹಾಗಿಲ್ಲ. ಆಕಾಶವಾಣಿಯ ಸುದ್ದಿಯನ್ನು ಒಂದಕ್ಷರ ಬದಲಿಸದೆ ಹಾಕಬಹುದು, ಅಷ್ಟೇ. ಅಂದರೆ ವಿಧಾನಸೌಧದಲ್ಲಿ ನಿನ್ನೆ ಏನಾಯಿತು ಎಂದು ನಿಜ ಹೇಳಿದರೆ ದೇಶಕ್ಕೆ ಅಪಾಯ. ಪರಿಚಯವೇ ಇಲ್ಲದವನಿಗೆ ಫೋನ್ ಮಾಡಿ 'ನಿನ್ನ ಹೆಂಡತಿ ನನ್ನ ಜೊತೆ ಇದಾಳೆ' ಎಂದು ಸುಳ್ಳು ಹೇಳಿದರೆ ಮನರಂಜನೆ.

ಈ ವಿದ್ಯೆಯಲ್ಲಿ ನಮ್ಮವರು ಇನ್ನೂ ಎಲ್‌ಕೆಜಿ ಬಿಡಿ. ಪಿಎಚ್‌ಡಿ ಮುಗಿಸಿದವರು ಲಂಡನ್ನಿನಲ್ಲಿದ್ದಾರೆ. ರಸೆಲ್ ಬ್ರ್ಯಾಂಡ್, ಜೊನಾಥನ್ ರಾಸ್ ಎಂಬ ಹಾಸ್ಯಗಾರರ ಜೋಡಿಯ 2008ರ ಕಥೆ ಗೊತ್ತಲ್ಲ? ಬಿಬಿಸಿ ರೇಡಿಯೋ 2ರಲ್ಲಿ ಬ್ರ್ಯಾಂಡ್ ಶೋ. ರಾಸ್ ಅತಿಥಿ. ಫೋನಿನಲ್ಲಿ ಸಿಗಬೇಕಿದ್ದವರು 78 ವರ್ಷದ ನಟ ಆಂಡ್ರೂ ಸ್ಯಾಕ್ಸ್. 'ಫಾಲ್ಟಿ ಟವರ್ಸ್' ಧಾರಾವಾಹಿಯ ವೇಟರ್ ಮ್ಯಾನುಯೆಲ್ ಅವರೇ. ಅವರು ಫೋನ್ ಎತ್ತಲಿಲ್ಲ. ನಾವು ನೀವಾಗಿದ್ದರೆ 'ಆಮೇಲೆ ಮಾಡ್ತೀವಿ' ಎಂದು ಸುಮ್ಮನಾಗುತ್ತಿದ್ದೆವು. ಇವರು ಸ್ಟಾರ್‌ಗಳು. ಬ್ರ್ಯಾಂಡ್ ಆ ಮುದುಕರ ಮೊಮ್ಮಗಳ ಜೊತೆ ಮಲಗಿದ್ದ ಎಂಬುದನ್ನು ರಾಸ್ ಆ ಮುದುಕರದ್ದೇ ಆನ್ಸರಿಂಗ್ ಮಷೀನಿಗೆ ಕೂಗಿ ಹೇಳಿದ. ತಪ್ಪಾಯಿತು ಎನ್ನಲು ಮತ್ತೆ ಫೋನ್ ಮಾಡಿದರು, ಇನ್ನಷ್ಟು ಹೊಲಸು ಮಾಡಿದರು. ಹೀಗೆ ಒಟ್ಟು ನಾಲ್ಕು ಮೆಸೇಜ್. ನಡುವೆ ಕ್ಷಮೆ ಕೇಳುವ ಹಾಡೂ ಆಯಿತು.

ಸ್ಯಾಕ್ಸ್ ಹುಟ್ಟಿದ್ದು ಬರ್ಲಿನ್‌ನಲ್ಲಿ. ಎಂಟು ವರ್ಷದ ಹುಡುಗನಾಗಿದ್ದಾಗ ಮನೆಯವರೊಂದಿಗೆ ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದವರು. ಎಪ್ಪತ್ತು ವರ್ಷ ಕಳೆದ ಮೇಲೆ ಬಿಬಿಸಿಯ ಹಾಸ್ಯಗಾರರಿಂದ ತಪ್ಪಿಸಿಕೊಳ್ಳಲು ಆಗಲಿಲ್ಲ.

ಇದು ಲೈವ್ ಕೂಡ ಅಲ್ಲ. ಮೊದಲೇ ರೆಕಾರ್ಡ್ ಮಾಡಿದ್ದು. ಬಾಯಿ ಜಾರಿತು ಎನ್ನುವ ಹಾಗಿಲ್ಲ. ಕೇಳಿದರು, ಕತ್ತರಿಸುವುದನ್ನು ಕತ್ತರಿಸಿದರು, ಇದನ್ನು ಉಳಿಸಿಕೊಂಡರು, 'ಸೂಪರ್' ಎಂದು ಅಕ್ಟೋಬರ್ 18ರ ಶನಿವಾರ ರಾತ್ರಿ ಹಾಕಿದರು. ಆಮೇಲೆ ಪ್ರಸಾರ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ವಿಚಾರಿಸಿದಾಗ ಗೊತ್ತಾಗಿದ್ದೇನು? ಇಂಥ ಅನಾಹುತ ಆಗದಂತೆ ನೋಡಿಕೊಳ್ಳುವ ಹೊಣೆಯಲ್ಲಿ ಒಂದಷ್ಟನ್ನು ಬಿಬಿಸಿ ಬ್ರ್ಯಾಂಡ್‌ನ ಕಡೆಯವರ ಕೈಗೇ ಕೊಟ್ಟಿತ್ತಂತೆ. ಎಂಥಾ ದೂರದೃಷ್ಟಿ!

ಶಿಕ್ಷೆಯೂ ಆಯಿತು. ಆಫ್‌ಕಾಮ್ 1,50,000 ಪೌಂಡ್ ದಂಡ ಹಾಕಿತು. ಬಿಬಿಸಿ ನಡೆಯುವುದು ಜನ ಕಟ್ಟುವ ಲೈಸೆನ್ಸ್ ಫೀಯಿಂದ. ಅಂದರೆ ಇವರು ಮಾಡಿದ್ದಕ್ಕೆ ಕೇಳುಗರೇ ದಂಡ ಕಟ್ಟಿದರು. ರೇಡಿಯೋ 2ರ ಮುಖ್ಯಸ್ಥೆ ಲೆಸ್ಲಿ ಡಗ್ಲಸ್ ರಾಜೀನಾಮೆ ಕೊಟ್ಟರು. ರಾಸ್‌ಗೆ 12 ವಾರ ಸಂಬಳವಿಲ್ಲದ ರಜೆ. ಅವನ ಒಪ್ಪಂದ ಮೂರು ವರ್ಷಕ್ಕೆ 1.8 ಕೋಟಿ ಪೌಂಡ್ ಎಂದು ಅಲ್ಲಿನ ಪತ್ರಿಕೆಗಳು ಬರೆದಿದ್ದವು, ಪಾಪ ಆ ಮೂರು ತಿಂಗಳು ಮನೆಯಲ್ಲಿ ಬೇಳೆಗೆ ಏನು ಮಾಡಿದನೋ. ಬ್ರ್ಯಾಂಡ್ ಕೂಡ ರಾಜೀನಾಮೆ ಕೊಟ್ಟ. ಕೊಟ್ಟು ಹಾಲಿವುಡ್‌ನಲ್ಲಿ ಸಿನಿಮಾ ಮಾಡಿದ.

ಜನರೂ ಏನು ಕಡಿಮೆಯಿಲ್ಲ. ಶೋ ಪ್ರಸಾರವಾದಾಗ ಬಂದ ದೂರು ಎರಡೇ ಎರಡು. ಎಂಟು ದಿನ ಬಿಟ್ಟು ಒಂದು ಭಾನುವಾರದ ಪತ್ರಿಕೆ 'ನೋಡಿ, ಎಂಥಾ ಅಸಹ್ಯ' ಎಂದು ಬರೆಯಿತು. ದೂರು 42,000 ದಾಟಿತು! ಅವರಲ್ಲಿ ಎಷ್ಟೋ ಜನ ಆ ಅಸಹ್ಯವನ್ನು ಹುಡುಕಿಕೊಂಡು ಹೋಗಿ ಪೂರ್ತಿ ಕೇಳಿ, ಆಮೇಲೆ ನೊಂದುಕೊಂಡಿರಬೇಕು. ಬ್ಯಾಂಕುಗಳು ಒಂದೊಂದಾಗಿ ಮುಳುಗುತ್ತಿದ್ದ ತಿಂಗಳು ಅದು. ಪ್ರಧಾನಿ ಗಾರ್ಡನ್ ಬ್ರೌನ್ ಬಿಡುವು ಮಾಡಿಕೊಂಡು ಆನ್ಸರಿಂಗ್ ಮಷೀನ್ ಬಗ್ಗೆ ಹೇಳಿಕೆ ಕೊಟ್ಟರು. ನಮ್ಮಲ್ಲೂ 2025ರ ಫೆಬ್ರವರಿಯಲ್ಲಿ ಇದನ್ನೇ ನೋಡಿದೆವು. ಯೂಟ್ಯೂಬ್ ಪ್ಯಾನೆಲ್ ಶೋ ಒಂದರಲ್ಲಿ ರಣವೀರ್ ಅಲಹಾಬಾದಿಯಾ ಕೇಳಿದ ಒಂದು ಕೊಳಕು ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಮಕ್ಕಳು ಕೇಳಬಾರದ ಮಾತು ಎನ್ನುತ್ತಲೇ ಚಾನೆಲ್‌ಗಳು ಅದನ್ನು ಮಕ್ಕಳ ಊಟದ ಹೊತ್ತಿನಲ್ಲಿ ತಿರುಗಿಸಿ ತಿರುಗಿಸಿ ತೋರಿಸಿದವು.

ಹಾಗಂತ ಸ್ಟಾರ್ ಹಾಸ್ಯಗಾರ ರೇಡಿಯೋದಲ್ಲಿ ಹದ್ದು ಮೀರಬಾರದು ಎಂದು ನಾನು ಹೇಳುತ್ತಿಲ್ಲ. ಮೀರಬೇಕು. ಕೆನೆತ್ ವಿಲಿಯಮ್ಸ್ ಎಂಬ ಪುಣ್ಯಾತ್ಮನೊಬ್ಬನಿದ್ದ. ಬಿಬಿಸಿ ರೇಡಿಯೋ 4ರಲ್ಲಿ 1967ರಲ್ಲಿ ಶುರುವಾದ 'ಜಸ್ಟ್ ಎ ಮಿನಿಟ್' ಎಂಬ ಪ್ಯಾನೆಲ್ ಆಟ. ಕೊಟ್ಟ ವಿಷಯದ ಮೇಲೆ 60 ಸೆಕೆಂಡು ಮಾತಾಡಬೇಕು. ತಡವರಿಸಬಾರದು, ಹೇಳಿದ್ದನ್ನೇ ಹೇಳಬಾರದು, ವಿಷಯ ಬಿಡಬಾರದು. ಈತ ಪದಗಳನ್ನು ರಬ್ಬರಿನ ಹಾಗೆ ಎಳೆದು ಎಳೆದು ಸಮಯ ತಿನ್ನುತ್ತಿದ್ದ. ಯಾರಾದರೂ ತಪ್ಪು ಹಿಡಿದರೆ ಕಿರುಚಾಟ, ಮುನಿಸು, ನಡೆಸಿಕೊಡುವ ನಿಕೋಲಸ್ ಪಾರ್ಸನ್ಸ್ ಮೇಲೆ ಬೈಗುಳದ ಮಳೆ. ಇದಕ್ಕಾಗಿ ಗ್ರೇಟ್ ಪೋರ್ಟ್‌ಲ್ಯಾಂಡ್ ಸ್ಟ್ರೀಟ್‌ನಿಂದ ಬಂದಿದ್ದೇನೆ ಎಂದು ಗೋಳಾಡುತ್ತಿದ್ದ, ಅದೇನೋ ಏಳು ಸಮುದ್ರದ ಆಚೆ ಇದ್ದ ಹಾಗೆ. ಲಂಡನ್ ನಡುಮಧ್ಯದ ಬೀದಿ ಅದು. ಹೆಂಗಸರನ್ನು ಯಾಕೆ ಕರೆಸುತ್ತೀರಿ ಎಂದೂ ರೇಗುತ್ತಿದ್ದ. ಇವತ್ತು ಕೇಳಿದರೆ ಕಿವಿಗೆ ಹಿತವಲ್ಲ. ಆದರೆ ಪಕ್ಕದ ಕುರ್ಚಿಯಲ್ಲಿ ನಟಿ ಶೀಲಾ ಹ್ಯಾನ್‌ಕಾಕ್ ಇರುತ್ತಿದ್ದರು, ಅವರ ಮುಂದೆಯೂ ಒಂದು ಮೈಕ್ ಇರುತ್ತಿತ್ತು. ಬೈಸಿಕೊಂಡ ಪಾರ್ಸನ್ಸ್ ಅಂತೂ ಐವತ್ತು ವರ್ಷಕ್ಕೂ ಜಾಸ್ತಿ ಅದೇ ಕುರ್ಚಿಯಲ್ಲಿ ಕೂತು ಎಲ್ಲರನ್ನೂ ನಗಿಸಿದರು. ಅಲ್ಲಿ ಸಿಕ್ಕಿಬಿದ್ದವರು ಯಾರೂ ಇರಲಿಲ್ಲ. ಆಡಲು ಬಂದವರಷ್ಟೇ ಇದ್ದರು.

ಈ ಆಟವನ್ನು ನಮ್ಮ ವಿಧಾನಸಭೆಗೆ ತರಬೇಕು ಎಂಬುದು ನನ್ನ ಬಹಳ ದಿನದ ಆಸೆ. ತಡವರಿಸುವುದರಲ್ಲಿ ಯಾರೂ ಔಟ್ ಆಗುವುದಿಲ್ಲ. ವಿಷಯಕ್ಕೆ ಬಂದರೆ ತಾನೇ ವಿಷಯ ಬಿಡುವುದು, ಹಾಗಾಗಿ ಅದರಲ್ಲೂ ಹಿಡಿಯಲಾಗದು. ಆದರೆ 'ಮಾನ್ಯ ಸಭಾಧ್ಯಕ್ಷರೇ' ಎಂದು ಎರಡನೇ ಸಲ ಹೇಳಿದ ಕೂಡಲೇ ಗಂಟೆ ಬಾರಿಸಬಹುದು. ಐದನೇ ಸೆಕೆಂಡಿಗೇ ಎಲ್ಲರೂ ಕೂತಿರುತ್ತಾರೆ. ಅಧಿವೇಶನ ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿಯುತ್ತದೆ.

ಇರಲಿ. ನಗು ಬರುತ್ತಿದ್ದುದು ಇಲ್ಲಿಯವರೆಗೆ.

2012ರ ಡಿಸೆಂಬರ್ 4. ಸಿಡ್ನಿಯ 2ಡೇ ಎಫ್‌ಎಂನ ಇಬ್ಬರು ಲಂಡನ್ನಿನ ಆಸ್ಪತ್ರೆಯೊಂದಕ್ಕೆ ಫೋನ್ ಮಾಡಿದರು. ಒಬ್ಬಳು ರಾಣಿ ಎಲಿಜಬೆತ್ ಅಂತೆ, ಒಬ್ಬ ರಾಜಕುಮಾರ ಚಾರ್ಲ್ಸ್ ಅಂತೆ. ಚಾರ್ಲ್ಸ್‌ನ ಗರ್ಭಿಣಿ ಸೊಸೆ ಕೇಟ್ ಅಲ್ಲಿ ದಾಖಲಾಗಿದ್ದಳು. ಅಲ್ಲಿ ಆಗಿನ್ನೂ ಬೆಳಗಾಗಿರಲಿಲ್ಲ, ರಿಸೆಪ್ಷನ್‌ನಲ್ಲಿ ಯಾರೂ ಇಲ್ಲ. ರಾತ್ರಿ ಡ್ಯೂಟಿಯ ನರ್ಸ್ ಒಬ್ಬರು ಫೋನ್ ಎತ್ತಿದರು, ನಂಬಿದರು, ವಾರ್ಡಿಗೆ ಕಾಲ್ ಕೊಟ್ಟರು. ಅವರು ಮಾಡಿದ್ದು ಅಷ್ಟೇ. ಜಗತ್ತೆಲ್ಲ ನಕ್ಕಿತು. ಮೂರು ದಿನಕ್ಕೆ ಅವರು ಸತ್ತರು. ಆತ್ಮಹತ್ಯೆ. ಮಂಗಳೂರಿನ ಹೆಣ್ಣುಮಗಳು, ಉಡುಪಿ ಜಿಲ್ಲೆ ಶಿರ್ವದ ಸೊಸೆ, ಎರಡು ಮಕ್ಕಳ ತಾಯಿ. ಆ ತಿಂಗಳ 17ರಂದು ಶಿರ್ವದಲ್ಲೇ ಮಣ್ಣು ಮಾಡಿದರು.

ಒಂದು ಸಾವಿಗೆ ಒಂದೇ ಕಾರಣ ಎಂದು ಯಾರೂ ಹೇಳಲಾರರು, ನಾನೂ ಹೇಳುವುದಿಲ್ಲ. ಆದರೆ ಆ ಕಾಲ್ ಕೂಡ ಲೈವ್ ಆಗಿರಲಿಲ್ಲ. ರೆಕಾರ್ಡ್ ಮಾಡಿದ್ದರು. ವಕೀಲರಿಗೆ ಕೇಳಿಸಿದ್ದರು. ಒಪ್ಪಿಗೆ ಕೇಳಲು ಆಸ್ಪತ್ರೆಗೆ ಐದು ಸಲ ಪ್ರಯತ್ನಿಸಿದೆವು ಎಂದು ಸ್ಟೇಷನ್‌ನವರು ಹೇಳಿದರು. ರಾಣಿ ಎಂದು ಸುಳ್ಳು ಹೇಳಿದಾಗ ಒಂದೇ ಸಲಕ್ಕೆ ಸಿಕ್ಕ ಆಸ್ಪತ್ರೆ, ನಿಜ ಹೇಳಲು ಹೋದಾಗ ಐದು ಸಲವೂ ಸಿಗಲಿಲ್ಲವಂತೆ. ಒಪ್ಪಿಗೆ ಸಿಗದಿದ್ದರೆ ಹಾಕಬಾರದು ಎಂದು ಅಷ್ಟು ಜನರಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಒಪ್ಪಿಗೆಯಿಲ್ಲದೆ ಹಾಕಿದ್ದರಿಂದ ಅಪರಾಧ ಆಗಿದೆ ಎಂದು ತೀರ್ಮಾನಿಸುವ ಅಧಿಕಾರ ಆಸ್ಟ್ರೇಲಿಯಾದ ಪ್ರಸಾರ ನಿಯಂತ್ರಕರಿಗೆ ಇದೆಯೋ ಇಲ್ಲವೋ ಎಂದು ಸ್ಟೇಷನ್‌ನವರು ಆಮೇಲೆ ಕೇಸು ನಡೆಸಿದರು. ಅದು ಅಲ್ಲಿನ ಅತಿ ದೊಡ್ಡ ಕೋರ್ಟಿನವರೆಗೂ ಹೋಗಿ, 2015ರಲ್ಲಿ ಸ್ಟೇಷನ್ ಸೋತಿತು. ಅದಕ್ಕೂ ಮೊದಲೇ, 2013ರಲ್ಲಿ, ಸ್ಟೇಷನ್‌ನ ಮಾಲೀಕ ಕಂಪನಿ ತನ್ನದೇ ಒಂದು ಸ್ಪರ್ಧೆ ಮಾಡಿ, ಫೋನ್ ಮಾಡಿದ ಇಬ್ಬರಲ್ಲಿ ಒಬ್ಬನಿಗೆ 'ನೆಕ್ಸ್ಟ್ ಟಾಪ್ ಜಾಕ್', ಅಂದರೆ ಮುಂದಿನ ಸ್ಟಾರ್ ಆರ್‌ಜೆ, ಎಂಬ ಬಿರುದು ಕೊಟ್ಟಿತ್ತು.

ಇಷ್ಟೆಲ್ಲ ಆದ ಮೇಲೂ ಇಲ್ಲಿ ಬೆಳಗಾದರೆ ಅದೇ ಕಾಲ್, ಅದೇ ಡೋಲು. ಏನಾದರೂ ಅಂದರೆ 'ಕಾಮಿಡೀನ ಕಾಮಿಡಿ ಥರ ತಗೋಬೇಕು ಸಾರ್' ಎನ್ನುತ್ತಾರೆ. ಹೋಗಿ, ಆ ಮಾತನ್ನ ಶಿರ್ವದಲ್ಲಿ ಹೇಳಿ ಬನ್ನಿ.