ಡಮಾಸ್ಕಸ್ಸಿನ ಚಾಕುವೂ ಟೊಮೆಟೊ ಹಣ್ಣಿನ ತೀರ್ಪೂ

ಹೋದ ತಿಂಗಳು ನಮ್ಮ ಮನೆಗೆ ಬಂದ ಚಾಕುವಿನ ಬೆಲೆ 4,999 ರೂಪಾಯಿ. ಆ ಬೆಲೆಯ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಕೆಂಪಕ್ಷರದಲ್ಲಿ 449 ಎಂದು ಬರೆದಿದ್ದರು. ಒಂದೇ ಏಟಿಗೆ ನಾಲ್ಕೂವರೆ ಸಾವಿರ ಉಳಿಯುವುದಾದರೆ ಎರಡು ಕೊಂಡು ಒಂಬತ್ತು ಸಾವಿರ ಉಳಿಸುವುದು ಜಾಣತನವೆಂದು ನಾನು ಎರಡು ತರಿಸಿದೆ. ಕೊಳ್ಳುವ ಮೊದಲು ಗ್ರಾಹಕರ ಅಭಿಪ್ರಾಯಗಳನ್ನೂ ಓದದೆ ಬಿಟ್ಟಿರಲಿಲ್ಲ. ‘ಇವತ್ತಷ್ಟೇ ಬಂತು, ಇನ್ನೂ ಬಳಸಿಲ್ಲ, ನೋಡಲು ಬಹಳ ಚೆನ್ನಾಗಿದೆ’ ಎಂದು ಬರೆದು ಐದು ನಕ್ಷತ್ರ ಕೊಟ್ಟವರ ಪ್ರಾಮಾಣಿಕತೆಯನ್ನು ನಾನು ಈಗಲೂ ಶಂಕಿಸುವುದಿಲ್ಲ.

ನೋಡಲು ಅದು ನಿಜಕ್ಕೂ ಚೆನ್ನಾಗಿತ್ತು. ಅಲಗಿನ ತುಂಬ ನೀರಿನ ಅಲೆಗಳಂಥ ಚಿತ್ತಾರ, ಅದರ ನಡುವೆ ಜಪಾನೀ ಲಿಪಿಯ ಮೂರು ಅಕ್ಷರ, ಹಿಡಿಯ ಬುಡದಲ್ಲಿ ‘ಜರ್ಮನ್ ಉಕ್ಕು’ ಎಂಬ ಮುದ್ರೆ, ಪೆಟ್ಟಿಗೆಯ ಮೇಲೆ, ಅಲೆಯ ಚಿತ್ತಾರದ ಕತ್ತಿಗಳಿಗೆ ಹೆಸರಾದ ಸಿರಿಯಾದ ಊರನ್ನು ನೆನೆದು, ‘ಡಮಾಸ್ಕಸ್, 67 ಪದರ’ ಎಂಬ ಘೋಷಣೆ, ಮತ್ತು ಪೆಟ್ಟಿಗೆಯ ತಳದಲ್ಲಿ ಭೂತಗನ್ನಡಿ ಹಿಡಿದರಷ್ಟೇ ಕಾಣುವಂತೆ ಇವು ಯಾವುದೂ ಅಲ್ಲದ ಮತ್ತೊಂದು ದೇಶದ ಹೆಸರು. ಇಷ್ಟು ದೇಶಗಳ ಒಗ್ಗಟ್ಟನ್ನು ವಿಶ್ವಸಂಸ್ಥೆಯೂ ಕಂಡಿರಲಾರದು. ಈಳಿಗೆ ಮಣೆಯ ಮುಂದೆ ಕೂತು ಬೀನ್ಸ್ ಹೆಚ್ಚುತ್ತಿದ್ದ ಅಮ್ಮ ಮಾತ್ರ ಒಮ್ಮೆ ತಿರುಗಿ ನೋಡಿ, ‘ಇದೇನು ಚಾಕುವೋ, ಸೀರೆಯ ಅಂಚೋ?’ ಎಂದು ಕೇಳಿ ತಮ್ಮ ಕೆಲಸ ಮುಂದುವರಿಸಿದರು.

ಮೊದಲ ಪರೀಕ್ಷೆಗೆ ಒಂದು ಟೊಮೆಟೊ ಒಡ್ಡಿದೆ. ಚಾಕು ಅದರ ಸಿಪ್ಪೆಯ ಮೇಲೆ ನಯವಾಗಿ ಜಾರಿತು. ಎರಡನೆಯ ಸಲ ಸ್ವಲ್ಪ ಒತ್ತಿದಾಗ ಹಣ್ಣು ಹೋಳಾಗುವ ಬದಲು ಅಪ್ಪಚ್ಚಿಯಾಗಿ, ಸಾರಿಗೆ ಬೇಕಾದ ರಸವನ್ನು ಹಲಗೆಯ ಮೇಲೆಯೇ ಬಿಟ್ಟುಕೊಟ್ಟಿತು. ಮೂರು ವಾರ ಪಾತ್ರೆ ಉಜ್ಜುವ ನಾರಿನ ಕೈಗೆ ಸಿಕ್ಕ ಮೇಲೆ ಅಲಗಿನ ಅಲೆಗಳು ಒಂದೊಂದಾಗಿ ಇಳಿದು, ಕಡೆಗೆ ಸಮುದ್ರವೇ ಬತ್ತಿಹೋಯಿತು. ಪದರಗಳನ್ನು ಬೆಸೆದು ಮಾಡಿದ ಅಲಗಾಗಿದ್ದರೆ ಬೆನ್ನಿನ ಕಡೆಯಿಂದ ನೋಡಿದಾಗಲೂ ಅವುಗಳ ಗೆರೆ ಕಾಣಬೇಕು. ಇಲ್ಲಿ ಬೆನ್ನು ಬೋಳಾಗಿತ್ತು; ಚಿತ್ತಾರವೆಲ್ಲ ಲೇಸರ್‌ನಿಂದ ಮೇಲ್ಮೈಗೆ ಬರೆದದ್ದು. ಹೆಸರು ಕ್ಷೀರಸಾಗರ ಭಟ್ಟ, ಮಜ್ಜಿಗೆ ನೀರಿಗೂ ಗತಿಯಿಲ್ಲ ಎಂಬ ಮಾತನ್ನು ಹಿರಿಯರು ಇಂಥದ್ದನ್ನೇ ಕಂಡು ಆಡಿದ್ದಿರಬೇಕು.

ಇದರಲ್ಲಿ ಇನ್ನೊಂದು ತಮಾಷೆಯಿದೆ. ಅಸಲಿ ಜಪಾನೀ ಚಾಕುವಿನಲ್ಲಿಯೂ 67 ಪದರಗಳಲ್ಲಿ ಅರವತ್ತಾರು ಏನನ್ನೂ ಕೊಯ್ಯುವುದಿಲ್ಲ. ಎರಡೂ ಮಗ್ಗುಲಿಗೆ 33ರಂತೆ ಕೂತ ಪದರಗಳು ಅಲಂಕಾರಕ್ಕೆ ಮತ್ತು ರಕ್ಷಣೆಗೆ. ಕೊಯ್ಯುವುದು ನಡುವಿನ ಒಂದೇ ಒಂದು ಗಟ್ಟಿ ಉಕ್ಕು. ವಿಜಿ-10 ಎಂಬ ಉಕ್ಕಾದರೆ ಅದರಲ್ಲಿ ಗಡಸು ಕೊಡುವ ಇಂಗಾಲ ಶೇ 1ರಷ್ಟು, ತುಕ್ಕು ತಡೆಯುವ ಕ್ರೋಮಿಯಂ ಶೇ 15ರಷ್ಟು ಇರುತ್ತದೆ, ಹದ ಸರಿಯಾಗಿ ಕೊಟ್ಟರೆ ರಾಕ್‌ವೆಲ್ ಮಾಪನದಲ್ಲಿ ಅದರ ಗಡಸುತನ 60ರ ಆಸುಪಾಸಿಗೆ ಬರುತ್ತದೆ. ನಕಲು ಮಾಡುವವರು ಈ ಕೊಯ್ಯುವ ಒಂದನ್ನು ಬಿಟ್ಟು, ಕೊಯ್ಯದ ಅರವತ್ತಾರನ್ನು ಅತ್ಯಂತ ಶ್ರದ್ಧೆಯಿಂದ ನಕಲು ಮಾಡಿದ್ದಾರೆ. ಶೇ 0.3ರಷ್ಟು ಇಂಗಾಲವಿರುವ ಅಗ್ಗದ ಸ್ಟೇನ್‌ಲೆಸ್ ತಗಡಿನ ಮೇಲೆಯೂ ವಿಜಿ-10 ಎಂದು ಮುದ್ರೆ ಒತ್ತಬಹುದು, ತಗಡು ಪ್ರತಿಭಟಿಸುವುದಿಲ್ಲ. ಆದರೆ ದೋಸೆ ಹಿಟ್ಟಿಗಿರುವಂತೆ ಉಕ್ಕಿಗೂ ಒಂದು ಹದವಿದೆ. ಎಷ್ಟು ಕಾಯಿಸಬೇಕು, ಯಾವಾಗ ಅದ್ದಬೇಕು, ಮತ್ತೆ ಎಷ್ಟು ಹೊತ್ತು ಸಣ್ಣ ಕಾವಿನಲ್ಲಿಡಬೇಕು ಎಂಬುದನ್ನು ಲೇಸರ್‌ನಿಂದ ಬರೆಯಲು ಬರುವುದಿಲ್ಲ.

ಹೆಸರು ಕದಿಯುವ ಈ ವ್ಯಾಪಾರ ನಿನ್ನೆ ಮೊನ್ನೆಯದಲ್ಲ. 19ನೆಯ ಶತಮಾನದಲ್ಲಿ ಜರ್ಮನಿಯ ಅಗ್ಗದ ಚಾಕುಗಳು, ಚಾಕುಗಳಿಗೆ ಹೆಸರಾದ ಇಂಗ್ಲೆಂಡಿನ ಊರು ‘ಶೆಫೀಲ್ಡ್’ನ ಮುದ್ರೆ ಹೊತ್ತು ಮಾರುಕಟ್ಟೆಗೆ ಬರುತ್ತಿದ್ದವು. ರೇಗಿದ ಬ್ರಿಟನ್ 1887ರಲ್ಲಿ ಕಾನೂನು ತಂದು, ಹೊರಗಿನ ಸರಕಿನ ಮೇಲೆ ಅದರ ಮೂಲವನ್ನು ಬರೆಯಿಸಿತು. ಕಳಪೆಯ ಕುರುಹಾಗಬೇಕಿದ್ದ ‘ಮೇಡ್ ಇನ್ ಜರ್ಮನಿ’ ಎಂಬ ಬರಹ ಕೆಲವೇ ದಶಕಗಳಲ್ಲಿ ಗುಣಮಟ್ಟದ ಬಿರುದಾಯಿತು, ಮತ್ತು ಅದೇ ಜರ್ಮನಿ 1938ರಲ್ಲಿ ಚಾಕುಗಳಿಗೆ ಹೆಸರಾದ ತನ್ನ ಸೋಲಿಂಗನ್ ಊರಿನ ಹೆಸರನ್ನು ಬೇರೆಯವರು ಕದಿಯದಂತೆ ಕಾನೂನಿನ ಬೇಲಿ ಹಾಕಿಕೊಂಡಿತು.

ಡಮಾಸ್ಕಸ್ಸಿನ ಹೆಸರಿಗೆ ಅಂಥ ಬೇಲಿಯಿಲ್ಲ, ನಮ್ಮ ‘ಉಕ್ಕು’ ಎಂಬ ಪದಕ್ಕಂತೂ ಮೊದಲೇ ಇಲ್ಲ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಜಾರ್ಜ್ ಪಿಯರ್ಸನ್ ಭಾರತದ ‘ವೂಟ್ಸ್’ ಉಕ್ಕಿನ ಬಗ್ಗೆ ಪ್ರಬಂಧ ಮಂಡಿಸಿದರು. ಆ ವೂಟ್ಸ್ ಎಂಬುದು ಉಕ್ಕು ಎಂಬುದರ ಅಪಭ್ರಂಶವೆಂದು ವಿದ್ವಾಂಸರಲ್ಲಿ ಹಲವರು ಹೇಳುತ್ತಾರೆ. 1819ರಲ್ಲಿ ಮೈಕೆಲ್ ಫ್ಯಾರಡೆಯವರೂ ಅದರ ಗುಟ್ಟು ಹುಡುಕಲು ಹೊರಟಿದ್ದರು. ಅಂಥ ಉಕ್ಕನ್ನು ಕರಗಿಸಿದ ಮಣ್ಣಿನ ಮೂಸೆಗಳ ಚೂರುಗಳು ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಸಿಕ್ಕಿವೆ. ಅಂಥ ಉಕ್ಕಿನಿಂದ ಮಾಡಿದ ಹಳೆಯ ಡಮಾಸ್ಕಸ್ ಅಲಗುಗಳಲ್ಲಿ ಅಲೆಗಳು ಲೋಹದೊಳಗೇ ಹುಟ್ಟಿ ಮೇಲೆ ಕಾಣಿಸಿಕೊಳ್ಳುತ್ತಿದ್ದವು. (ಇಂದಿನ ಪದರದ ಚಾಕುಗಳದು, ಅಸಲಿಯೇ ಆದರೂ, ಬೇರೆಯೇ ವಿದ್ಯೆ.) ಉಕ್ಕಿಗೆ ಹೆಸರು ಕೊಟ್ಟ ನಾಡಿನವನಾದ ನಾನು ಆ ಅಲೆಗಳ ಚಿತ್ರವನ್ನು ಶೇ 91ರ ರಿಯಾಯಿತಿಯಲ್ಲಿ ಮನೆ ಬಾಗಿಲಿಗೆ ತರಿಸಿಕೊಂಡೆ.

ಕಡೆಗೆ ಬೀದಿಯಲ್ಲಿ ಸಾಣೆ ಹಿಡಿಯುವವರು ಬಂದಾಗ ಚಾಕುವನ್ನೂ ಅಮ್ಮನ ಈಳಿಗೆಯನ್ನೂ ಒಟ್ಟಿಗೆ ಕೊಟ್ಟೆ. ಐವತ್ತು ವರ್ಷದ ಹಿಂದೆ ಊರ ಕಮ್ಮಾರರು ಬಡಿದುಕೊಟ್ಟ, ಒಂದು ದಿನ ಒರೆಸದಿದ್ದರೆ ತುಕ್ಕು ಹಿಡಿಯುವ ಆ ಕಪ್ಪು ಈಳಿಗೆ ಚಕ್ರಕ್ಕೆ ತಾಗಿದೊಡನೆ ಕಿಡಿಗಳು ದೀಪಾವಳಿಯ ಸುರುಸುರು ಬತ್ತಿಯಂತೆ ಕವಲೊಡೆದು ಸಿಡಿದವು. ಇಂಗಾಲ ಕಡಿಮೆಯಾದರೆ ಕಿಡಿಯೂ ಕಡಿಮೆ; ಚಾಕುವಿನಿಂದ ನಾಲ್ಕು ಮಂಕು ಕಿಡಿಗಳು ಹೊರಟು ಅಲ್ಲೇ ಆರಿದವು. ಅವರು ಪೆಡಲ್ ನಿಲ್ಲಿಸಿ, ‘ಸಾರ್, ಇದರಲ್ಲಿ ಚಮಚ ಮಾಡಿದ್ದರೆ ಬಹಳ ವರ್ಷ ಬರುತ್ತಿತ್ತು’ ಎಂದರು.

ಎರಡನೆಯ ಚಾಕು ಪೆಟ್ಟಿಗೆಯಲ್ಲಿಯೇ ಇದೆ; ಮರಳಿಸುವ ಅವಧಿ ಮುಗಿದಿದೆ. ಮುಂದಿನ ವಾರದ ಗೃಹಪ್ರವೇಶವೊಂದಕ್ಕೆ ಅದನ್ನೇ ಕೊಡೋಣವೆಂದು, 4,999ರ ಚೀಟಿಯನ್ನು ಕೀಳದೆ ಕಾಪಾಡಿಕೊಂಡಿದ್ದೇನೆ. ‘ಚಾಕು ಉಡುಗೊರೆ ಕೊಡಬಾರದು ಕಣೋ, ಸಂಬಂಧ ಕಡಿದುಹೋಗುತ್ತದೆ’ ಎಂದು ಅಮ್ಮ ಮೊದಲು ತಡೆದರು. ಆಮೇಲೆ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡಿ, ‘ಇದಾದರೆ ಪರವಾಗಿಲ್ಲ, ಕೊಡು’ ಎಂದರು.