ಕಸೂತಿ ಕೊಳ್ಳಿ, ಹುಡುಗಿಯ ಫೋಟೊ ಕೇಳಬೇಡಿ

ಭಾನುವಾರ ಜಯನಗರದ ಸಭಾಂಗಣವೊಂದರಲ್ಲಿ ಅಫ್ಘಾನ್ ಹೆಣ್ಣುಮಕ್ಕಳ ಓದಿಗೆ ಹಣ ಕೂಡಿಸಲೆಂದು ಕೈಕಸುಬಿನ ವಸ್ತುಗಳ ಮಾರಾಟವಿತ್ತು. ದೆಹಲಿಯಲ್ಲಿ ನೆಲೆಸಿರುವ ಅಫ್ಘಾನ್ ನಿರಾಶ್ರಿತ ಮಹಿಳೆಯರು ಹೊಲಿದ ಬಟ್ಟೆಯ ಗೊಂಬೆಗಳು, ಚೀಲಗಳು ಮತ್ತು ಕಂದಹಾರದ ಕೆಲವು ಕಸೂತಿ ತುಂಡುಗಳು ಅಲ್ಲಿದ್ದವು. ನನ್ನ ಪಕ್ಕದಲ್ಲಿದ್ದ, ಒಳ್ಳೆಯ ಇಳಕಲ್ ಸೀರೆಯುಟ್ಟಿದ್ದ ಮಹಿಳೆಯೊಬ್ಬರು ಒಂದು ಮೇಜುಹಾಸನ್ನು ಹಿಂದೆ ಮುಂದೆ ತಿರುವಿ ನೋಡಿ, "ಇದನ್ನು ಮಾಡಿದ ಹುಡುಗಿಯ ಫೋಟೊ ಇಲ್ಲವೇ? ಅವಳ ಕಥೆ ಬರೆದ ಚೀಟಿಯಾದರೂ ಬೇಡವೇ? ಇಲ್ಲದಿದ್ದರೆ ನಂಬುವುದು ಹೇಗೆ?" ಎಂದರು. ಇಲ್ಲವೆಂದು ಗೊತ್ತಾದ ಮೇಲೆ ಹಾಸನ್ನು ಅಲ್ಲಿಯೇ ಬಿಟ್ಟು ಹೊರಟುಹೋದರು. ಮಾರುತ್ತಿದ್ದ ಹುಡುಗಿ ನಕ್ಕು ಸುಮ್ಮನಾದಳು. ಸುಮ್ಮನಾಗುವ ಗುಣ ನನಗಿಲ್ಲವೆಂಬುದು ನಿಮಗೆಲ್ಲ ಗೊತ್ತೇ ಇದೆ.

2021ರ ಆಗಸ್ಟಿನಲ್ಲಿ ತಾಲಿಬಾನ್ ಕಾಬೂಲನ್ನು ಹಿಡಿದಾಗ, ಅಲ್ಲಿನ ಸೋಲಾ ಎಂಬ ಹೆಣ್ಣುಮಕ್ಕಳ ವಸತಿ ಶಾಲೆಯನ್ನು ಕಟ್ಟಿದ ಶಬಾನಾ ಬಸೀಜ್ ರಾಸಿಖ್ ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ತನ್ನ ವಿದ್ಯಾರ್ಥಿನಿಯರ ದಾಖಲೆಗಳನ್ನೆಲ್ಲ ಬೆಂಕಿಗೆ ಹಾಕಿದ್ದು. ಯಾರ ಮಗಳು ಶಾಲೆಗೆ ಹೋಗುತ್ತಿದ್ದಳೆಂಬುದು ಯಾರ ಕೈಗೂ ಸಿಗಬಾರದೆಂಬುದು ಅದರ ಉದ್ದೇಶ. ಆನಂತರ ಆಕೆ ಮಕ್ಕಳನ್ನೂ ಸಿಬ್ಬಂದಿಯನ್ನೂ ಅವರ ಮನೆಯವರನ್ನೂ ಕರೆದುಕೊಂಡು ರುವಾಂಡಾಕ್ಕೆ ಹೋದರು. ಮಕ್ಕಳನ್ನು ಉಳಿಸಲು ಒಬ್ಬ ಶಿಕ್ಷಕಿ ಅವರ ಹೆಸರುಗಳನ್ನು ಸುಡಬೇಕಾದ ನಾಡಿನಿಂದ ಬಂದ ಬಟ್ಟೆಯ ಮುಂದೆ ನಿಂತು ನಾವು ಫೋಟೊ ಕೇಳುತ್ತಿದ್ದೇವೆ. ಪಾಸ್‌ಪೋರ್ಟ್ ಪ್ರತಿಯನ್ನೂ ಕೇಳಬಹುದಿತ್ತು. ಏಕೆ ಬಿಟ್ಟರೋ ತಿಳಿಯದು.

ಆ ಹಾಸಿನ ಕಸೂತಿಗೆ ಖಾಮಕ್ ಎಂದು ಹೆಸರು. ನಮ್ಮ ಧಾರವಾಡದ ಕಸೂತಿಯಂತೆ ಅದನ್ನೂ ಬಟ್ಟೆಯ ಎಳೆಗಳನ್ನು ಎಣಿಸಿಯೇ ಹಾಕಬೇಕು. ಎಣಿಕೆಯಲ್ಲಿ ಒಂದು ಎಳೆ ತಪ್ಪಿದರೆ ಇಡೀ ಸಾಲು ಓರೆಯಾಗುತ್ತದೆ. ನಮ್ಮ ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳನ್ನು ಇಷ್ಟು ವರ್ಷ ಹಾಕಿರುವ ನನಗೆ ಆ ರೇಷ್ಮೆಯ ಹೊಲಿಗೆ ಎಷ್ಟು ಸಣ್ಣದಿತ್ತೆಂದು ಕಂಡಾಗ ನಿಜವಾಗಿ ಹೊಟ್ಟೆಕಿಚ್ಚಾಯಿತು. ಕರುಣೆಯಿಂದಲ್ಲ, ಆ ಹೊಟ್ಟೆಕಿಚ್ಚಿನಿಂದಲೇ ಅದನ್ನು ಕೊಂಡೆ ಎಂಬುದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ. ಇದು ಹೆಚ್ಚಾಗಿ ಗಂಡಸರ ಅಂಗಿಯ ಎದೆಭಾಗಕ್ಕೆ ಹಾಕುವ ಕಸೂತಿ. ಮನೆಯಾಚೆ ಹೆಣ್ಣಿನ ದನಿಯೇ ಕೇಳಿಸಬಾರದೆನ್ನುವ 2024ರ ಕಾನೂನಿಗೆ ಒಪ್ಪಿಗೆ ಕೊಟ್ಟ ತಾಲಿಬಾನಿನ ಪರಮೋಚ್ಚ ನಾಯಕರು ಕುಳಿತಿರುವ ಊರೂ ಕಂದಹಾರವೇ. ಹೆಣ್ಣಿನ ದನಿ ಬೇಡ, ಅವಳ ಕೈಕೆಲಸ ಮಾತ್ರ ಎದೆಯ ಮೇಲೆ ಬೇಕು. ಇದೇ ಊರಿನಲ್ಲಿ 2003ರಲ್ಲಿ ರಂಗೀನಾ ಹಮೀದಿ ಎಂಬಾಕೆ ಮನೆಯೊಳಗಿನ ಹೆಂಗಸರಿಂದ ಕಸೂತಿ ಮಾಡಿಸಿ ಮಾರುವ ಕಂದಹಾರ್ ಟ್ರೆಷರ್ ಸಂಸ್ಥೆಯನ್ನು ಕಟ್ಟಿದರು. ಆಕೆಯೇ ಮುಂದೆ 2020ರಲ್ಲಿ ಅಫ್ಘಾನಿಸ್ತಾನದ ಶಿಕ್ಷಣ ಸಚಿವೆಯಾದರು. ಮರುವರ್ಷ ಆ ಸರ್ಕಾರವೇ ಉಳಿಯಲಿಲ್ಲ.

ಈಗ ಆರನೆಯ ತರಗತಿಯ ಆಚೆಗೆ ಹೆಣ್ಣುಮಕ್ಕಳಿಗೆ ಶಾಲೆಯಿಲ್ಲ. ಯುನೆಸ್ಕೊ ಲೆಕ್ಕದಂತೆ ಹೀಗೆ ಹೊರಗುಳಿದವರು ಸುಮಾರು 22 ಲಕ್ಷ. 2022ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯಗಳು ಮುಚ್ಚಿದವು, 2023ರಲ್ಲಿ ಬ್ಯೂಟಿ ಪಾರ್ಲರುಗಳು, 2024ರ ಕೊನೆಯಲ್ಲಿ ಸೂಲಗಿತ್ತಿ ಮತ್ತು ನರ್ಸಿಂಗ್ ತರಬೇತಿಗಳು. ಮನೆಯೊಳಗೆ ಕುಳಿತು ಮಾಡಬಹುದಾದ ಹೊಲಿಗೆ, ಕಸೂತಿ, ರತ್ನಗಂಬಳಿ ನೇಯ್ಗೆಯಂಥ ಕೆಲವೇ ಸಂಪಾದನೆಯ ದಾರಿಗಳು ಉಳಿದಿವೆ. ಅವೂ ಉಳಿದಿರುವುದು ಅವು ಕಣ್ಣಿಗೆ ಬೀಳುವುದಿಲ್ಲವೆಂಬ ಒಂದೇ ಕಾರಣಕ್ಕೆ. ಹಾಗಿರುವಾಗ ಆ ಮರೆಯನ್ನೇ ಸರಿಸಿ ಮುಖ ತೋರಿಸು, ಆಗ ಸಾವಿರ ರೂಪಾಯಿ ಕೊಡುತ್ತೇನೆ ಎನ್ನುವುದನ್ನು ದಾನ ಎಂದು ಕರೆಯಲು ನನ್ನ ನಾಲಿಗೆ ಹೊರಳುವುದಿಲ್ಲ. ಕಾಣಿಸಿಕೊಂಡರೆ ಏನಾಗುತ್ತದೆಂಬುದಕ್ಕೆ ಮತೀವುಲ್ಲಾ ವೇಸಾ ಅವರನ್ನು ನೋಡಿ. ಪೆನ್ ಪಾತ್ ಸಂಸ್ಥೆಯ ಪರವಾಗಿ ಹಳ್ಳಿಹಳ್ಳಿಗೆ ಪುಸ್ತಕ ಹೊತ್ತೊಯ್ದು, ಹೆಣ್ಣುಮಕ್ಕಳಿಗೆ ಶಾಲೆ ಬೇಕೆಂದು ಬಹಿರಂಗವಾಗಿಯೇ ಹೇಳುತ್ತಿದ್ದ ಅವರನ್ನು 2023ರ ಮಾರ್ಚಿನಲ್ಲಿ ಹಿಡಿದು ಏಳು ತಿಂಗಳು ಸೆರೆಯಲ್ಲಿಟ್ಟರು. ಅವರು ಗಂಡಸು, ಹೆಸರಿದ್ದವರು, ಅವರಿಗಾಗಿ ವಿಶ್ವಸಂಸ್ಥೆಯವರೂ ದನಿಯೆತ್ತಿದರು. ಹದಿನಾರರ ಹುಡುಗಿಗಾಗಿ ಯಾರು ಎತ್ತುತ್ತಾರೆ?

"ಮೋಸ ನಡೆಯುವುದಿಲ್ಲವೇ? ಪುರಾವೆ ಕೇಳುವುದು ತಪ್ಪೇ?" ಎಂದು ಕೆಲವು ಸ್ನೇಹಿತರು ಈಗಾಗಲೇ ಬೆರಳು ಚುರುಕು ಮಾಡಿಕೊಂಡಿರುತ್ತೀರಿ. ಮೋಸ ನಡೆಯುತ್ತದೆ, ಖಂಡಿತ. ಗ್ರೆಗ್ ಮಾರ್ಟೆನ್ಸನ್ ಎಂಬ ಅಮೆರಿಕದವರು ಪಾಕಿಸ್ತಾನ ಮತ್ತು ಅಫ್ಘಾನಿಸ್ತಾನದಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ಕಟ್ಟುವ ಕಥೆಯನ್ನು ಪುಸ್ತಕ ಮಾಡಿ ಲಕ್ಷಾಂತರ ಪ್ರತಿ ಮಾರಿಸಿದರು. 2011ರಲ್ಲಿ ಆ ಕಥೆಯ ಭಾಗಗಳೇ ಕಟ್ಟುಕಥೆಯೆಂಬ ಆರೋಪ ಬಂತು. ಮರುವರ್ಷ ಮೊಂಟಾನಾ ರಾಜ್ಯದ ತನಿಖೆ ಮುಗಿದಾಗ ಸುಮಾರು 10 ಲಕ್ಷ ಡಾಲರನ್ನು ತಮ್ಮ ದತ್ತಿ ಸಂಸ್ಥೆಗೆ ಮರಳಿಸಲು ಅವರು ಒಪ್ಪಬೇಕಾಯಿತು. ಆದರೆ ಅಲ್ಲಿ ಕಡಿಮೆಯಾದದ್ದು ಏನು? ಫೋಟೊ ಬೇಕಾದಷ್ಟಿತ್ತು, ಕಣ್ಣೀರು ತರಿಸುವ ಕಥೆ ಅದಕ್ಕಿಂತ ಹೆಚ್ಚಿತ್ತು. ಇಲ್ಲದಿದ್ದದ್ದು ನೆಟ್ಟಗಿನ ಲೆಕ್ಕಪತ್ರ. ಮೋಸದ ಭಯವಿರುವವರು ಲೆಕ್ಕ ಕೇಳಲಿ. ಈ ಮೇಜುಹಾಸಿಗೆ ನಾನು ಕೊಟ್ಟ ಹಣದಲ್ಲಿ ಹೊಲಿದವಳಿಗೆ ಸಂದದ್ದೆಷ್ಟು, ಅವಳಿಗೆ ಕೂಲಿ ಸಿಕ್ಕಿದ್ದು ತುಂಡನ್ನು ಕೊಟ್ಟ ದಿನವೇ ಅಥವಾ ಬೆಂಗಳೂರಿನಲ್ಲಿ ನಾವು ಮನಸ್ಸು ಮಾಡುವವರೆಗೂ ಅವಳು ಕಾಯಬೇಕೇ, ಆಡಿಟ್ ಮಾಡಿದವರು ಯಾರು ಎಂದು ಕೇಳಲಿ. ಕಸುಬುದಾರರ ನಡುವೆ ಬೆಳೆದ ಯಾರಿಗಾದರೂ ಎರಡನೆಯ ಪ್ರಶ್ನೆಯೇ ಮುಖ್ಯವೆಂಬುದು ತಿಳಿದಿರುತ್ತದೆ. ಆ ಸಭಾಂಗಣದಲ್ಲಿ ಅದನ್ನು ಒಬ್ಬರೂ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ರಿಯಾಯಿತಿ ಕೇಳಿದವರು ಮಾತ್ರ ಧಾರಾಳವಾಗಿದ್ದರು.

ಸೂಜಿಯ ಮರೆಯಲ್ಲಿ ಪುಸ್ತಕ ಉಳಿದ ಉದಾಹರಣೆ ಆ ನಾಡಿನಲ್ಲೇ ಇದೆ. ತಾಲಿಬಾನಿನ ಮೊದಲ ಆಡಳಿತದಲ್ಲಿ ಹೆರಾತ್ ನಗರದ ಹೆಂಗಸರು ಹೊಲಿಗೆ ಶಾಲೆಗೆಂದು ಹೊರಡುತ್ತಿದ್ದರು. ಚೀಲದಲ್ಲಿ ಮೇಲೆ ಬಟ್ಟೆ, ಅಡಿಯಲ್ಲಿ ನೋಟುಬುಕ್ಕು. ಒಳಗೆ ಹೆರಾತ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ಸಾಹಿತ್ಯ ಪಾಠ ಮಾಡುತ್ತಿದ್ದರು, ಹೊರಗೆ ಆಡುವ ಮಕ್ಕಳು ಕಾವಲಿಗಿದ್ದರು. ಅಲ್ಲಿ ಕಲಿತವರಲ್ಲಿ ಕವಯಿತ್ರಿ ನಾದಿಯಾ ಅಂಜುಮನ್ ಒಬ್ಬರು. ಅಂದು ಯಾವ ದಾನಿಯಾದರೂ ತರಗತಿಯ ಗ್ರೂಪ್ ಫೋಟೊ ಕೇಳಿದ್ದರೆ ಪಾಠವೇ ನಿಲ್ಲುತ್ತಿತ್ತು. ಇಂದಿನ ಪಾಠ ಮೊಬೈಲಿನಲ್ಲಿ ನಡೆಯುತ್ತದೆ, ಅದೂ ಕದ್ದುಮುಚ್ಚಿ. 2025ರಲ್ಲಿ ವಿಶ್ವವಿದ್ಯಾಲಯಗಳಿಂದ ತೆಗೆಸಿದ ಸುಮಾರು 680 ಪುಸ್ತಕಗಳಲ್ಲಿ 140ರಷ್ಟು ಹೆಂಗಸರೇ ಬರೆದವು. ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಇಡೀ ದೇಶದ ಇಂಟರ್ನೆಟ್ ಎರಡು ದಿನ ನಿಂತಿತ್ತು. ಮೇಜುಹಾಸಿನ ಹಣ ಹೋಗುವುದು ಅಂಥ ಹುಡುಗಿಯ ಡೇಟಾ ಪ್ಯಾಕಿಗೆ, ಪಿಡಿಎಫ್ ಪಠ್ಯಕ್ಕೆ, ಮರೆಯಲ್ಲಿ ಕುಳಿತು ಕಲಿಸುವ ಶಿಕ್ಷಕಿಯ ಸಂಬಳಕ್ಕೆ.

2025ರ ಅಕ್ಟೋಬರಿನಲ್ಲಿ ತಾಲಿಬಾನ್ ವಿದೇಶಾಂಗ ಸಚಿವರು ದೆಹಲಿಯ ಪತ್ರಿಕಾಗೋಷ್ಠಿಗೆ ಪತ್ರಕರ್ತೆಯರನ್ನು ಕರೆಯದಿದ್ದಾಗ ನಮ್ಮ ಫೇಸ್‌ಬುಕ್ ಗೋಡೆಗಳೆಲ್ಲ ಕೆಂಡವಾದವು. ಎರಡು ದಿನದಲ್ಲಿ ಅವರು ಮತ್ತೊಂದು ಗೋಷ್ಠಿ ಕರೆದು ಪತ್ರಕರ್ತೆಯರಿಗೂ ಆಹ್ವಾನ ಕೊಟ್ಟರು, ನಾವೂ ತಣ್ಣಗಾದೆವು. ಆ ಸಿಟ್ಟಿನ ನೂರರಲ್ಲೊಂದು ಪಾಲು ಪರ್ಸಿಗೆ ಇಳಿದಿದ್ದರೆ ಭಾನುವಾರ ಸಂಜೆ ಅಷ್ಟೊಂದು ಗೊಂಬೆಗಳು ಮರಳಿ ಪೆಟ್ಟಿಗೆ ಸೇರುತ್ತಿರಲಿಲ್ಲ.

ಈ ಬರಹದ ಜೊತೆ ಯಾವ ಚಿತ್ರವೂ ಇಲ್ಲ. ಚಿತ್ರವಿಲ್ಲದ ಪೋಸ್ಟನ್ನು ಫೇಸ್‌ಬುಕ್ ಹೆಚ್ಚು ಜನರಿಗೆ ತೋರಿಸುವುದಿಲ್ಲವೆಂದು ಮಗ ಎಚ್ಚರಿಸಿದ್ದಾನೆ. ತೋರಿಸದಿದ್ದರೆ ಬಿಡಲಿ. ಮುಂದಿನ ಮಾರಾಟ ಯಾವಾಗ ಎಂದು ಕೇಳುವವರಿಗೆ ಇನ್‌ಬಾಕ್ಸಿನಲ್ಲಿ ತಿಳಿಸುತ್ತೇನೆ.